ಒಂಟಿರೆಕ್ಕೆಯ ಬಾಂಬರ್‌ಗಳು ಸುಕ್ಕುತಗಡನ್ನು ಬಿಟ್ಟಿದ್ದೇಕೆ?

ಪ್ರಶ್ನೆ: ಸೋವಿಯತ್ ಬಾಂಬರ್‌ಗಳಾದ ಟುಪೊಲೆವ್ ಟಿಬಿ-1 (1925), ಟಿಬಿ-3 (1930) ಎರಡಕ್ಕೂ ಜರ್ಮನಿಯ ಯುಂಕರ್ಸ್ ವಿಮಾನಗಳ ಮಾದರಿಯ ಡ್ಯುರಾಲ್ಯುಮಿನ್ (ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ಸುಕ್ಕುತಗಡಿನ ಹೊದಿಕೆ. 1931ರ ಅಮೆರಿಕನ್ ಬಾಂಬರ್ ಬೋಯಿಂಗ್ ಬಿ-9 ನೋಡಿದರೆ ಮೈ ನುಣುಪು. ಅಷ್ಟರಲ್ಲಿ ಏನು ಬದಲಾಯಿತು?

ಉತ್ತರ 1: ಸುಕ್ಕಿನ ಗೆರೆಗಳು ಗಾಳಿಯ ದಿಕ್ಕಿಗೇ ಇದ್ದರೆ ನಷ್ಟವಿಲ್ಲ ಎಂಬುದು ಮೊದಲ ಎಣಿಕೆ. ಆದರೆ ರೆಕ್ಕೆಯ ಮೇಲೆ ಗಾಳಿ ನೆಟ್ಟಗೆ ಹರಿಯುವುದಿಲ್ಲ, ಓರೆಯಾಗಿ ಗೆರೆಗಳನ್ನು ದಾಟುತ್ತದೆ. ಗಾಳಿಗೆ ತಾಗುವ ಮೇಲ್ಮೈಯೂ ಹೆಚ್ಚು. ಸಾಲದ್ದಕ್ಕೆ, ಗೆರೆಗಳಿಗೆ ಅಡ್ಡವಾಗಿ ಎಳೆದರೆ ಆ ತಗಡು ಹಿಗ್ಗುತ್ತದೆ. ಹಾಗಾಗಿ ರೆಕ್ಕೆ ಬಾಗುವಾಗಿನ ಹೊರೆಯೆಲ್ಲ ಒಳಗಿನ ಸ್ಪಾರ್‌ಗಳ (ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆಗಳ) ಮೇಲೇ.

ಉತ್ತರ 2: ಸುಕ್ಕಿಲ್ಲದ ತೆಳು ತಗಡು ಹೊರೆಗೆ ಮಡಿಕೆ ಬಿದ್ದರೆ ಕೆಲಸ ಕೆಟ್ಟಿತು ಎಂಬ ಭಯವಿತ್ತು. ಮಡಿಕೆ ಬಿದ್ದ ಮೇಲೂ ಅದು ಓರೆ ಎಳೆತದಲ್ಲಿ ಹೊರೆ ಹೊರುತ್ತದೆ ಎಂದು ವಿಮಾನ ಎಂಜಿನಿಯರ್ ಹರ್ಬರ್ಟ್ ವಾಗ್ನರ್ 1929ರಲ್ಲಿ ಲೆಕ್ಕ ಸಮೇತ ತೋರಿಸಿದರು. ನನ್ನ ಪ್ರಕಾರ ನಿಜವಾದ ತಿರುವು ಇದೇ.

ಉತ್ತರ 3: ತಗಡುಗಳನ್ನು ಜೋಡಿಸುವ ಮೊಳೆ, ಅಂದರೆ ರಿವೆಟ್, ಮರೆಯಬೇಡಿ. ಡ್ಯುರಾಲ್ಯುಮಿನ್ ರಿವೆಟ್‌ಗಳನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿಗೆ ಅದ್ದಿ, ಬೇಗನೆ ಬಡಿಯಬೇಕು. ತಡವಾದರೆ ತಾವಾಗಿಯೇ ಗಡುಸಾಗಿ ತಲೆ ಸೀಳುತ್ತದೆ. ತಕ್ಷಣ ಬೇಡವಾದವನ್ನು ಮಂಜುಗಡ್ಡೆಯ ತಂಪಿನಲ್ಲಿಡಬೇಕು. ಇನ್ನು ಒಳಗೊಳಗೇ ಕೊರೆಯುವ ತುಕ್ಕಿಗೆ, ಎರಡೂ ಬದಿ ಶುದ್ಧ ಅಲ್ಯೂಮಿನಿಯಂ ಪದರವಿರುವ ಆಲ್‌ಕ್ಲ್ಯಾಡ್ ತಗಡು 1920ರ ದಶಕದ ಕೊನೆಗೆ ಬಂತು.