ಡೈರೆಕ್ಟ್ ಡೆಬಿಟ್ 104 ಪೌಂಡಿನಿಂದ ಸೀದಾ 178! ಕಂಪನಿ ಬದಲಾಯಿಸಿಬಿಡ್ಲಾ?

ಲೀಡ್ಸ್_ಹೈದ (ಭಾನುವಾರ ರಾತ್ರಿ)
ತಲೆ ಕೆಟ್ಟು ಕೂತಿದೀನಿ. ನಿನ್ನೆ ಎನರ್ಜಿ ಕಂಪನಿಯಿಂದ ಮೇಲ್ ಬಂತು. ಏಪ್ರಿಲ್‌ನಿಂದ ನನ್ನ ಬ್ಯಾಂಕ್ ಖಾತೆಯಿಂದ ತಿಂಗಳಿಗೆ 178 ಪೌಂಡ್ ಹಿಡ್ಕೋತಾರಂತೆ. ಇಷ್ಟು ದಿನ 104 ಹೋಗ್ತಿತ್ತು, ಒಂದು ತಿಂಗಳೂ ತಪ್ಪಿಲ್ಲ. ಸೆಪ್ಟೆಂಬರ್‌ನಲ್ಲಿ ನನ್ನದೇ 180 ಪೌಂಡ್ ಅವರ ಹತ್ರ ಜಾಸ್ತಿ ಇತ್ತು, ಈಗ ನಾನೇ 271 ಬಾಕಿಯಂತೆ! ಮನೇಲಿರೋದು ನಾವಿಬ್ಬರು, ಒಂದು ಮಗು. ಬಳಕೆ ಏನೂ ಬದಲಾಗಿಲ್ಲ. ಫೋನ್ ಮಾಡಿದ್ರೆ 50 ನಿಮಿಷ ಮ್ಯೂಸಿಕ್ ಕೇಳಿಸಿ ಲೈನ್ ಕಟ್. ಊರಲ್ಲಾದ್ರೆ ಮೀಟರ್ ರೀಡರ್ ಬಂದು ಮೆಷಿನ್ನಿಂದ ಚೀಟಿ ಹರಿದು ಕೈಗಿಟ್ಟು ಹೋಗ್ತಾನೆ, ಅಲ್ಲಿಗೆ ಮುಗೀತು. ಇಲ್ಲಿ ಊಹೆ ಮೇಲೆ ದುಡ್ಡು ಎಳೀತಾರೆ. ಯಾವ ಕಂಪನಿ ಒಳ್ಳೇದು? ಅಷ್ಟು ಹೇಳಿದ್ರೆ ಸಾಕು.

ಸ್ಲೌ_ಶೆಟ್ರು
ಗ್ಯಾಸ್ ಮೀಟರ್ ನೋಡಿ ಮಾರಾಯ್ರೆ. ಕಣ್ಣು ಮುಚ್ಚಿ ಹೇಳ್ತೇನೆ, ಅದೇ. ಹಳೇ ಮೀಟರ್ ನೂರು ಘನ ಅಡಿ ಲೆಕ್ಕದ್ದು, ಹೊಸತು ಘನ ಮೀಟರ್ ಲೆಕ್ಕದ್ದು. ಹೊಸ ಮೀಟರನ್ನು ಇವರು ಹಳೇದು ಅಂತ ಬರ್ಕೊಂಡ್ರೆ ಬಿಲ್ಲು 2.83 ಪಟ್ಟು ಆಗ್ತದೆ. ನಮ್ಮನೆಗೆ ಹೀಗೇ ಬಂದು, ಕಡೆಗೆ ಅಷ್ಟೂ ವಾಪಸ್ ಬಂತು. ಮೀಟರಿನ ಫೋಟೋ ಹಾಕಿ.

ಮಾಂಚೆಸ್ಟರ್_ಮಂಜಕ್ಕ
ಮೊದ್ಲು ಒಂದು ವಿಷಯ ತಿಳ್ಕೊಳ್ಳಿ. ಡೈರೆಕ್ಟ್ ಡೆಬಿಟ್ ಬಿಲ್ಲಲ್ಲ, ಕಂತು. ವರ್ಷಕ್ಕೆ ಇಷ್ಟು ಸುಡ್ತೀರಿ ಅಂತ ಅಂದಾಜು ಮಾಡಿ ಹನ್ನೆರಡರಿಂದ ಭಾಗಿಸ್ತಾರೆ. ಬೇಸಿಗೇಲಿ ಜಮೆ ಆಗುತ್ತೆ, ಚಳಿಗಾಲದಲ್ಲಿ ಕರಗುತ್ತೆ. ಹಾಗಾಗಿ 178ನ್ನೇ ದಿಟ್ಟಿಸ್ತಾ ಕೂತ್ರೆ ಏನೂ ಗೊತ್ತಾಗಲ್ಲ. ಬಿಲ್ ತೆಗೆದು ಯೂನಿಟ್ ಎಷ್ಟು, ದರ ಎಷ್ಟು, ರೀಡಿಂಗ್ ಅಂದಾಜಿನದೋ ನಿಜದ್ದೋ, ಮೂರೂ ಇಲ್ಲಿ ಬರೀರಿ.

ರೀಡಿಂಗ್_ರಂಗ
ಬ್ಯಾಂಕ್ ಆಪ್‌ಗೆ ಹೋಗಿ ಡೈರೆಕ್ಟ್ ಡೆಬಿಟ್ಟೇ ಕ್ಯಾನ್ಸಲ್ ಮಾಡಿ ಗುರು. ಆಮೇಲೆ ನೋಡಿ, ಅವರೇ ಫೋನ್ ಮಾಡ್ತಾರೆ. ಪ್ರೈಸ್ ಕ್ಯಾಪ್ ಅಂತ ಒಂದಿದೆಯಲ್ಲ, ಅದಕ್ಕಿಂತ ಜಾಸ್ತಿ ಹೆಂಗೆ ತಗೋತಾರೆ?

ಮಾಂಚೆಸ್ಟರ್_ಮಂಜಕ್ಕ
ರಂಗ, ದಯವಿಟ್ಟು ಬೇರೆಯವರ ಮನೆ ಹಾಳು ಮಾಡ್ಬೇಡಪ್ಪ. 2019ರಿಂದ ಇರೋ, ಇಲ್ಲಿನ ಎನರ್ಜಿ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಕ್ಯಾಪ್ ಒಟ್ಟು ಬಿಲ್ಲಿಗಲ್ಲ, ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ (ದಿನಕ್ಕಿಷ್ಟು ಅಂತ ಹಾಕೋ ನಿಗದಿ ಶುಲ್ಕ). ಎಷ್ಟು ಸುಟ್ರೆ ಅಷ್ಟು ಕಟ್ಟಬೇಕು. ಡೈರೆಕ್ಟ್ ಡೆಬಿಟ್ ನಿಲ್ಲಿಸಿದ್ರೆ ಬಿಲ್ ಬಂದ್ಮೇಲೆ ಕಟ್ಟೋರ ದರಕ್ಕೆ ಹಾಕ್ತಾರೆ, ಅದು ಇನ್ನೂ ಜಾಸ್ತಿ. ಬಾಕಿಯೇನು ಮಾಯ ಆಗುತ್ತಾ?

ರೀಡಿಂಗ್_ರಂಗ
ನಾನು ಮಾಡಿದ್ದೆ, ನಂಗೇನೂ ಆಗ್ಲಿಲ್ಲ.

ಮಾಂಚೆಸ್ಟರ್_ಮಂಜಕ್ಕ
ನೀನು ಆಗ ಬಾಡಿಗೆ ರೂಮಲ್ಲಿದ್ದೆ, ಬಿಲ್ ಓನರ್ ಕಟ್ತಿದ್ರು. ನೀನೇ ಇಲ್ಲಿ ಬರ್ದಿದ್ದೆ.

ಗ್ಯಾಜೆಟ್_ಗುರು
ಬಿಲ್ ಅಂತ ತಲೆ ಕೆಡಿಸ್ಕೊಂಡೇ ಎರಡು ವರ್ಷ ಆಯ್ತು. ಮಾಡಿನ ಮೇಲೆ 12 ಪ್ಯಾನೆಲ್, ಗ್ಯಾರೇಜಿನಲ್ಲಿ 9.5 ಯೂನಿಟ್ ಬ್ಯಾಟರಿ, ಆಕ್ಟೋಪಸ್ ಕಂಪನಿಯ ಅಜೈಲ್ ಅನ್ನೋ ಟ್ಯಾರಿಫ್. ಅರ್ಧ ಗಂಟೆಗೊಂದು ದರ. ಗಾಳಿ ಜೋರಿದ್ದ ರಾತ್ರಿ ದರ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಕರೆಂಟ್ ಉಪಯೋಗಿಸಿದ್ದಕ್ಕೆ ಅವರೇ ದುಡ್ಡು ಕೊಡ್ತಾರೆ. ಮೊನ್ನೆ ಅಂಥ ರಾತ್ರಿ ಎದ್ದು ಇಡ್ಲಿ ಹಿಟ್ಟು ರುಬ್ಬಿದೆ. ಗ್ರಾಫ್ ಬೇಕಾದ್ರೆ ಹಾಕ್ತೀನಿ.

ಸ್ಲೌ_ಶೆಟ್ರು
ಗ್ರಾಫ್ ಬೇಡ. ಹೈದ ಅವ್ರೇ, ಗ್ಯಾಸ್ ಮೀಟರ್ ಫೋಟೋ ಎಲ್ಲಿ? ನನ್ನ ಲೆಕ್ಕ ನೋಡಿ: ಒಂದು ಘನ ಮೀಟರ್ ಗ್ಯಾಸ್ ಅಂದ್ರೆ ಸುಮಾರು 11 ಯೂನಿಟ್. ನಿಮ್ಮ ಬಿಲ್ಲಲ್ಲಿ ಒಂದಕ್ಕೆ 31ರ ಹತ್ತಿರ ಬರ್ತಾ ಇದ್ರೆ ಕೇಸು ಅಲ್ಲಿಗೇ ಗೆದ್ದ ಹಾಗೆ.

ಲೀಡ್ಸ್_ಹೈದ (ಸೋಮವಾರ)
ಗ್ಯಾಸಾ? ನಮ್ಮನೇಲಿ ಗ್ಯಾಸೇ ಇಲ್ಲ ಶೆಟ್ರೇ, ಫ್ಲಾಟು, ಎಲ್ಲಾ ಕರೆಂಟೇ. ಹೇಳಿದ್ದೆ ಅಂದ್ಕೊಂಡಿದ್ದೆ.
ಮಂಜಕ್ಕ, ಬಿಲ್ ಫೆಬ್ರವರಿ 28ರದ್ದು. ರೀಡಿಂಗ್ ನಿಜದ್ದೇ, ಸ್ಮಾರ್ಟ್ ಮೀಟರ್. ಡೇ 2400 ಯೂನಿಟ್, ನೈಟ್ 800. ದರ 32 ಪೆನ್ಸ್ ಮತ್ತು 15 ಪೆನ್ಸ್.

ಕೊವೆಂಟ್ರಿ_ಕಾಕಾ
ತಡೀರಿ ತಡೀರಿ. ಡೇ, ನೈಟ್ ಅಂದ್ರ ಇಕಾನಮಿ ಸೆವೆನ್ ಆತು, ರಾತ್ರಿ ಏಳು ತಾಸು ಅಗ್ಗದ ದರ. ಗ್ಯಾಸ್ ಇಲ್ಲದ ಫ್ಲಾಟಂದ್ರ ಗ್ವಾಡಿಗೆ ದಪ್ಪನ್ನ ಸ್ಟೋರೇಜ್ ಹೀಟರ್ ಇರಬೇಕಲ್ರೀ, ರಾತ್ರಿ ಕಾದು ಹಗಲೊತ್ತು ಬಿಸಿ ಬಿಡೂವು? ಅಂಥ ಮನ್ಯಾಗ ಹಗಲ 2400, ರಾತ್ರಿ 800 ಹ್ಯಾಂಗ ಬರ್ತದ? ತಿರುವು ಮುರುವು ಇರಬೇಕು. ಮೀಟರ್ ಯಾವಾಗ ಹಾಕಿದ್ರು?

ಲೀಡ್ಸ್_ಹೈದ
ಅಕ್ಟೋಬರ್ ಒಂದನೇ ತಾರೀಖು ಹಳೇದು ಕಿತ್ತು ಹೊಸದು ಹಾಕಿದ್ರು. ಅದನ್ನೂ ಹೇಳ್ಬೇಕಿತ್ತಾ? ಹೌದು, ಮೂರು ಸ್ಟೋರೇಜ್ ಹೀಟರ್, ಬಿಸಿನೀರೂ ರಾತ್ರಿಯೇ ಕಾಯೋದು.

ಕೊವೆಂಟ್ರಿ_ಕಾಕಾ
ಅದನ್ನ ಮೊದಲ ಹೇಳಬೇಕಿತ್ತು! ಇವತ್ತ ರಾತ್ರಿ ಹೀಟರ್ ಟಕ್ ಅಂತ ಚಾಲೂ ಆದಮ್ಯಾಲೆ ಮೀಟರ್ ಬಟನ್ ಒತ್ತಿ ಎರಡೂ ಸಾಲು ಬರ್ಕೊಳ್ರಿ. ಬೆಳಿಗ್ಗೆ ಏಳಕ್ಕ ಮತ್ತ ಬರ್ಕೊಳ್ರಿ. ಫೋಟೋ ತಕ್ಕೊಳ್ರಿ, ಟೈಮ್ ಕಾಣೂಹಂಗ.

ಲೀಡ್ಸ್_ಹೈದ (ಮಂಗಳವಾರ ಬೆಳಿಗ್ಗೆ)
ರಾತ್ರಿ 12:40ಕ್ಕೆ ಎದ್ದು, ಕೋಟು ಶೂ ಇಡೋ ಕಪಾಟಿನೊಳಗೆ ಮಂಡಿಯೂರಿ, ಬಾಯಲ್ಲಿ ಟಾರ್ಚ್ ಕಚ್ಕೊಂಡು ನೋಡಿದೆ. ಹೆಂಡತಿ ಕಳ್ಳ ಬಂದ ಅಂದ್ಕೊಂಡ್ಳು. ರೇಟ್ 1: 2455. ರೇಟ್ 2: 815. ಬೆಳಿಗ್ಗೆ 7ಕ್ಕೆ ರೇಟ್ 1: 2478. ರೇಟ್ 2: ಅದೇ 815, ಒಂದಂಕಿಯೂ ಹಂದಿಲ್ಲ. ಬಿಲ್ಲಲ್ಲಿ ರೇಟ್ 1ನ್ನೇ ‘ಡೇ’ ಅಂತ ಹಾಕಿದಾರೆ!!

ಕೊವೆಂಟ್ರಿ_ಕಾಕಾ
ಸಿಕ್ತು ನೋಡ್ರಿ. ರಾತ್ರಿ ಓಡಿದ್ದು ರೇಟ್ 1, ಅಂದ್ರ ಅದ ನೈಟ್, ಅವರು ಡೇ ಅಂತ ಬರ್ಕೊಂಡಾರ. ಅವರು ಹಾಕಿದ್ದು: 2400ಕ್ಕ 32ರಂಗ 768 ಪೌಂಡ್, 800ಕ್ಕ 15ರಂಗ 120. ಒಟ್ಟು 888. ಹಾಕಬೇಕಿದ್ದು: 360 ಮತ್ತು 256, ಒಟ್ಟು 616. ಫರಕು 272. ನಿಮ್ಮ ಬಾಕಿ ಎಷ್ಟಂದ್ರಿ? 271. ಆ ತಪ್ಪು ಲೆಕ್ಕದ ಮ್ಯಾಲೇ ಇಡೀ ವರ್ಷದ ಅಂದಾಜು ಮಾಡ್ಯಾರ, ಅದು ತಿಂಗಳಿಗೆ 133 ಬರ್ತದ. ಬಾಕೀನ ಆರು ತಿಂಗಳಾಗ ವಸೂಲಿ ಮಾಡಿದ್ರ ಇನ್ನೊಂದು 45. ಕೂಡಿಸ್ರಿ, 178. ದರ ಏರಿಲ್ಲ, ನೀವೂ ಹೆಚ್ಚಿಗೆ ಸುಟ್ಟಿಲ್ಲ.

ಸ್ಲೌ_ಶೆಟ್ರು
ಮೀಟರಿನದ್ದೇ ತಪ್ಪು ಅಂತ ನಾನು ಮೊದಲೇ ಹೇಳಿದ್ದೆ.

ಮಾಂಚೆಸ್ಟರ್_ಮಂಜಕ್ಕ
ನೀವು ಹೇಳಿದ್ದು ಗ್ಯಾಸ್ ಮೀಟರ್ ಶೆಟ್ರೇ 🙂
ಹೈದ, ಫೋನ್ ಬೇಡ. ಫೋಟೋಗಳ ಜೊತೆ ಮೇಲ್ ಮಾಡಿ, ವಿಷಯದಲ್ಲೇ ‘ದೂರು’ ಅಂತ ಬರೀರಿ, ತಾರೀಖು ಲೆಕ್ಕಕ್ಕೆ ಬರುತ್ತೆ. ಎಂಟು ವಾರದಲ್ಲಿ ಬಗೆಹರಿಯದಿದ್ರೆ, ಗ್ರಾಹಕರ ದೂರು ತೀರ್ಮಾನಿಸೋ ಎನರ್ಜಿ ಓಂಬುಡ್ಸ್‌ಮನ್‌ಗೆ ಹೋಗಬಹುದು, ಫೀಸಿಲ್ಲ. ಇದು ಸರಿಹೋಗೋ ತನಕ ಕಂಪನಿ ಬದಲಾಯಿಸೋಕೆ ಹೋಗ್ಬೇಡಿ. ಈಗ ಐದು ಕೆಲಸದ ದಿನದಲ್ಲಿ ಸ್ವಿಚ್ ಆಗಿಬಿಡುತ್ತೆ ನಿಜ. ಆದ್ರೆ ಅದಲುಬದಲಾದ ರೀಡಿಂಗೇ ಹೊಸಬರ ಆರಂಭದ ರೀಡಿಂಗ್ ಆಗಿ ಕೂತ್ರೆ ಇಬ್ಬರ ಜೊತೆ ಗುದ್ದಾಡಬೇಕಾಗುತ್ತೆ.

ಗ್ಯಾಜೆಟ್_ಗುರು
ಸ್ವಿಚ್ ಆಗೋದಾದ್ರೆ ನನ್ನ ರೆಫರಲ್ ಕೋಡ್ ಕೇಳಿ, ಇಬ್ಬರಿಗೂ ಕ್ರೆಡಿಟ್ ಬರುತ್ತೆ.

ರೀಡಿಂಗ್_ರಂಗ
ಬಂತಪ್ಪ ಅಸಲು ವಿಷಯ. ನಮ್ಮಮ್ಮನಿಗೆ ತುಮಕೂರಲ್ಲಿ ಗೃಹಜ್ಯೋತಿ, ಬಿಲ್ ಸೊನ್ನೆ. ಪ್ಯಾನೆಲ್ಲೂ ಇಲ್ಲ, ಬ್ಯಾಟರಿಯೂ ಇಲ್ಲ, ರೆಫರಲ್ಲೂ ಇಲ್ಲ.

ಲೀಡ್ಸ್_ಹೈದ (ಏಪ್ರಿಲ್ ಮೊದಲ ವಾರ)
ತಡವಾಗಿ ಬರೀತಿದೀನಿ, ಕ್ಷಮಿಸಿ. ಮೂರು ಮೇಲ್ ಆದ್ಮೇಲೆ ಒಪ್ಕೊಂಡ್ರು. ಮೀಟರ್ ಹಾಕುವಾಗ ಎರಡು ದರ ಅದಲುಬದಲಾಗಿ ದಾಖಲಾಗಿತ್ತಂತೆ. 272 ಪೌಂಡ್ ಜಮೆ ಆಯ್ತು, ಕಂತು ವಾಪಸ್ 104. ಸ್ವಿಚ್ ಬಗ್ಗೆಯೂ ನೋಡಿದೆ ಅಕ್ಕ. ಹೋಲಿಕೆ ಸೈಟಿನಲ್ಲಿ ರಾತ್ರಿ ಬಳಕೆ ಎಷ್ಟು ಪಾಲು ಅಂತ ಕೇಳುತ್ತೆ. ಖಾಲಿ ಬಿಟ್ಟಾಗ ಯಾವುದೋ ಸಿಂಗಲ್ ರೇಟ್ ಪ್ಲಾನ್ ಭಾರಿ ಅಗ್ಗ ಅಂತ ತೋರಿಸ್ತು. 75 ಪರ್ಸೆಂಟ್ ಅಂತ ಹಾಕಿದ ಮೇಲೆ ಅದೇ ಪ್ಲಾನ್ ಪಟ್ಟಿಯ ತಳಕ್ಕೆ ಹೋಯ್ತು. ಸದ್ಯಕ್ಕೆ ಇಲ್ಲೇ ಇರ್ತೀನಿ.
ಆದ್ರೆ ಈಗ ಇನ್ನೊಂದು. ಮೊನ್ನೆ ಗಡಿಯಾರ ಒಂದು ಗಂಟೆ ಮುಂದೆ ಹೋದ್ಮೇಲೆ ಹೀಟರ್ 12:30ಕ್ಕೆ ಆನ್ ಆಗ್ತಿಲ್ಲ, 1:30ಕ್ಕೆ ಆಗ್ತಿದೆ. ಮತ್ತೆ ಕೆಟ್ಟಿತಾ?

ಸ್ಲೌ_ಶೆಟ್ರು
ಮೀಟರ್ ಫೋಟೋ ಹಾಕಿ.

ಕೊವೆಂಟ್ರಿ_ಕಾಕಾ
ಏನೂ ಕೆಟ್ಟಿಲ್ಲ. ಮೀಟರಿಗೆ ಬ್ಯಾಸಗಿ ಟೈಮ್ ಗೊತ್ತಿಲ್ಲ, ವರ್ಷಪೂರ್ತಿ ಗ್ರೀನ್‌ವಿಚ್ ಟೈಮಿನ್ಯಾಗ ಇರ್ತದ. ನಿಮ್ಮ ಅಗ್ಗದ ಏಳು ತಾಸು ಈಗ 1:30ರಿಂದ 8:30. ವಾಷಿಂಗ್ ಮಷೀನ್ ಟೈಮರ್ 12:30ಕ್ಕ ಇಟ್ಟಿದ್ರ ಒಂದು ತಾಸು ಮುಂದ ಸರಸ್ರಿ, ಅಕ್ಟೋಬರ್ ತನಕ.