ಫೋಟೊ, ಫೈಲ್, ವಾಟ್ಸಾಪ್: ಡಿಟಿಪಿಯವರಲ್ಲಿ ಕೇಳಿ

ಅಡ್ಮಿನ್: ನಮ್ಮ ಕಾಸರಗೋಡಿನ ಕುಂಬಳೆಯಲ್ಲಿ ಡಿಟಿಪಿ, ಫ್ಲೆಕ್ಸ್ ಕೆಲಸ ಮಾಡುವವರು ಇವತ್ತು ಗುಂಪಿನಲ್ಲಿದ್ದಾರೆ. ಫೋಟೊ, ಫೈಲ್ ಬಗ್ಗೆ ಸಂಶಯ ಇದ್ದವರು ಕೇಳಿ. ಸಣ್ಣ ಪ್ರಶ್ನೆ ಅಂತ ನಾಚಿಕೆ ಬೇಡ.

ಪೆರ್ಲದ ಟೀಚರ್: ನಮಸ್ಕಾರ ಅಣ್ಣ. ಜೆಪಿಜಿ, ಪಿಎನ್‌ಜಿ ಎರಡೂ ಚಿತ್ರವೇ ಅಲ್ವಾ? ಯಾವುದು ಯಾವಾಗ?

ಡಿಟಿಪಿಯವರು: ನಮಸ್ಕಾರ ಟೀಚರೇ. ಕ್ಯಾಮರಾದಲ್ಲಿ ತೆಗೆದ ಫೋಟೊಗೆ ಜೆಪಿಜಿ ಸಾಕು. ಕಣ್ಣಿಗೆ ಅಷ್ಟಾಗಿ ಕಾಣದ ವಿವರ ಬಿಟ್ಟು ಫೈಲನ್ನು ಸಣ್ಣದು ಮಾಡುತ್ತದೆ. ಎಡಿಟ್ ಮಾಡಿ ಸೇವ್ ಮಾಡಿದಷ್ಟು ಸಲವೂ ಸ್ವಲ್ಪ ಹಾಳಾಗುತ್ತದೆ. ಪಿಎನ್‌ಜಿ ಏನನ್ನೂ ಬಿಡುವುದಿಲ್ಲ, ಹಿನ್ನೆಲೆ ಇಲ್ಲದೆಯೂ ಇಡಬಹುದು. ಶಾಲೆಯ ಲೋಗೊ, ಸ್ಕ್ರೀನ್‌ಶಾಟ್, ಅಕ್ಷರ ಇರುವ ಚಿತ್ರಕ್ಕೆ ಅದೇ ಒಳ್ಳೆಯದು.

ನೀರ್ಚಾಲಿನಿಂದ: ಬಯಲಾಟದ ಫ್ಲೆಕ್ಸ್‌ಗೆ ವಾಟ್ಸಾಪಲ್ಲಿ ಫೋಟೊ ಕಳಿಸಿದ್ದೆವು. ಪ್ರಿಂಟಾಗಿ ಬಂದಾಗ ವೇಷದ ಮುಖ ಪೂರ್ತಿ ಚೌಕ ಚೌಕ. ಮಿಷನ್ ಸರಿ ಇಲ್ವಾ?

ಡಿಟಿಪಿಯವರು: ಮಿಷನ್ ತಪ್ಪಲ್ಲ. ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸಿಯೇ ಕಳಿಸುವುದು. ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದ ಹಾಗೇ ಬರುತ್ತದೆ. 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಒಂದು ಎ4 ಹಾಳೆಗೇ 2480 × 3508 ಪಿಕ್ಸೆಲ್ ಬೇಕು. ಫ್ಲೆಕ್ಸನ್ನು ದೂರದಿಂದ ನೋಡುವುದು, ಅಷ್ಟು ದಟ್ಟ ಬೇಡ. ಆದರೆ ಕಿರೀಟದ ಮಣಿ ಕಾಣಬೇಕಾದರೆ ಮೂಲ ಫೈಲೇ ಆಗಬೇಕು.

ಉಪ್ಪಳದಿಂದ: ವಾಟ್ಸಾಪಲ್ಲಿ ಕಳಿಸಿದ ಫೋಟೊ ಮಸುಕಾಗುವುದು ಯಾಕೆ?

ಡಿಟಿಪಿಯವರು: ಮೇಲೆ ಹೇಳಿದ್ದೇನೆ. ಡಾಕ್ಯುಮೆಂಟ್.

ಮುಳ್ಳೇರಿಯದ ಅಕ್ಕ: ಅಣ್ಣ, ಬೆಳಗ್ಗೆ ಭಾವನ ನಂಬರಿಂದ ‘ಮದುವೆ ಕಾಗದ’ ಅಂತ ಒಂದು ಫೈಲ್ ಬಂತು. ಅಮ್ಮ ಒತ್ತಿದರು. ಇನ್‌ಸ್ಟಾಲ್ ಅಂತ ಕೇಳಿತಂತೆ. ಮತ್ತೆ ಕೇಳಿದ್ದಕ್ಕೆಲ್ಲ ಅಲೋ ಕೊಟ್ಟಿದ್ದಾರೆ. ಕಾಗದ ಕಾಣಲೇ ಇಲ್ಲ. ಹೆಸರಿನ ಕೊನೆಗೆ ಎಪಿಕೆ ಅಂತ ಉಂಟು. ಇದು ಯಾವ ನಮೂನೆಯ ಫೋಟೊ?

ಡಿಟಿಪಿಯವರು: ಅಕ್ಕ, ಉಳಿದ ಕೆಲಸ ಬಿಟ್ಟು ಇದನ್ನು ಓದಿ. ಅದು ಫೋಟೊವೇ ಅಲ್ಲ, ಆ್ಯಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್. ಮದುವೆ ಕಾಗದ ಜೆಪಿಜಿಯಲ್ಲಿ ಬರಬಹುದು, ಪಿಡಿಎಫ್‌ನಲ್ಲಿ ಬರಬಹುದು. ಎಪಿಕೆಯಲ್ಲಿ ಬರುವುದಿಲ್ಲ.

ಅಲೋ ಕೊಟ್ಟದ್ದರಲ್ಲಿ ಎಸ್ಸೆಮ್ಮೆಸ್ ಓದುವ ಅನುಮತಿ ಇದ್ದರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ ಹೋಗುತ್ತದೆ. ಮೊದಲು ಅಮ್ಮನ ಫೋನಿನ ಡೇಟಾ, ವೈಫೈ ಬಂದ್ ಮಾಡಿ. ನಿಮ್ಮ ಫೋನಿಂದ ಬ್ಯಾಂಕಿಗೆ ಕರೆ ಮಾಡಿ, ಯುಪಿಐ, ಎಟಿಎಂ ಕಾರ್ಡ್ ಎಲ್ಲ ಬ್ಲಾಕ್ ಮಾಡಿಸಿ. ಪಾಸ್‌ಬುಕ್ಕಿನ ಹಿಂದೆ ಇರುವ ನಂಬರಿಗೇ ಮಾಡಿ, ಗೂಗಲಲ್ಲಿ ಹುಡುಕಬೇಡಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಕಡೆಯವರು ಮಲಯಾಳದಲ್ಲಿ ಮಾತಾಡಿದರೆ ಗಾಬರಿ ಬೇಡ, ಮಲಯಾಳ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ ಅದನ್ನು ತೆಗೆಯಿರಿ. ಫೋಟೊ, ನಂಬರ್ ಬೇರೆ ಕಡೆ ತೆಗೆದಿಟ್ಟು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ. ಅಲ್ಲಿವರೆಗೆ ಆ ಫೋನಿನಲ್ಲಿ ಬ್ಯಾಂಕಿನ ಕೆಲಸ ಬೇಡವೇ ಬೇಡ. ಭಾವನಿಗೂ ಹೇಳಿ. ಅವರ ವಾಟ್ಸಾಪೇ ಕಳ್ಳರ ಕೈಯಲ್ಲಿರಬಹುದು. ಅಮ್ಮನಿಗೆ ಬೈಯಬೇಡಿ ಅಕ್ಕ.

ಬದಿಯಡ್ಕದ ಮಾಷ್ಟ್ರು: ಹೆದರಬೇಡಿ. ##002# ಒತ್ತಿದರೆ ಎಲ್ಲ ವೈರಸ್ ಹೋಗುತ್ತದೆ. ಗುಡ್ ಮಾರ್ನಿಂಗ್ ಫೋಟೊದಲ್ಲೂ ವೈರಸ್ ಉಂಟು, 10 ಸೆಕೆಂಡಿನಲ್ಲಿ ಫೋನ್ ಹ್ಯಾಕ್ ಆಗುತ್ತದಂತೆ. ಎಲ್ಲರಿಗೂ ಕಳಿಸಿ.

ಡಿಟಿಪಿಯವರು: ಮಾಷ್ಟ್ರೆ, ದಯವಿಟ್ಟು ಯಾರಿಗೂ ಕಳಿಸಬೇಡಿ. ##002# ಒತ್ತಿದರೆ ಕಾಲ್ ಫಾರ್ವರ್ಡ್ ರದ್ದಾಗುತ್ತದೆ, ಅಷ್ಟೇ. ಆ್ಯಪ್ ಅಲ್ಲೇ ಇರುತ್ತದೆ. ಇದನ್ನು ನಂಬಿ ಅಕ್ಕ ಸುಮ್ನೆ ಕೂತರೆ ಹಣ ಹೋದೀತು. 10 ಸೆಕೆಂಡಿನ ಕತೆ ಹಳೇ ಸುಳ್ಳು.

ಉಪ್ಪಳದಿಂದ: ಸುಳ್ಳಾದರೂ ಒಂದು ಒಳ್ಳೆಯದು, ಗುಡ್ ಮಾರ್ನಿಂಗ್ ನಿಲ್ಲಲಿ. ಫೋನ್ ತುಂಬಿ ಹೋಯ್ತು.

ಮಂಜೇಶ್ವರದ ಅಕ್ಕ: ನಾನು ಹಾಕುವುದು ಮಧೂರು ದೇವಸ್ಥಾನದ ಫೋಟೊ. ಯಾರಿಗೆ ಏನು ತೊಂದರೆ?

ಉಪ್ಪಳದಿಂದ: ದೇವರ ಮೇಲೆ ಸಿಟ್ಟಿಲ್ಲ ಅಕ್ಕ. ದಿನಾ ಹತ್ತಿಪ್ಪತ್ತು ಬಂದರೆ ಅಗತ್ಯದ ಮೆಸೇಜ್ ಎಲ್ಲಿ ಹುಡುಕುವುದು?

ಮಂಜೇಶ್ವರದ ಅಕ್ಕ: ನಿಮ್ಮ ಕ್ರಿಕೆಟ್ ವಿಡಿಯೊಗಳ ಲೆಕ್ಕ ಯಾರು ಇಟ್ಟಿದ್ದಾರೆ?

ಬದಿಯಡ್ಕದ ಮಾಷ್ಟ್ರು: ಒಳ್ಳೆಯದಕ್ಕೆ ಹೇಳಿದರೆ ನನಗೇ ಪಾಠ!

ಎಡನೀರಿನಿಂದ: ಅಜ್ಜನ ಹಳೇ ಕಪ್ಪುಬಿಳುಪು ಫೋಟೊ ಸ್ಕ್ಯಾನ್ ಮಾಡುವುದು ಹೇಗೆ?

ಸೀತಾಂಗೋಳಿಯಿಂದ: ಪಿಎಸ್‌ಸಿ ಅರ್ಜಿಗೆ ಪಿಎನ್‌ಜಿ ಫೈಲಿನ ಹೆಸರು ಬದಲಿಸಿ ಜೆಪಿಜಿ ಅಂತ ಮಾಡಿದೆ. ತಗೊಳ್ಳುತ್ತಿಲ್ಲ.

ಡಿಟಿಪಿಯವರು: ಹೆಸರು ಬದಲಿಸಿದರೆ ಒಳಗಿನದು ಬದಲಾಗದು. ಪೇಂಟ್‌ನಲ್ಲಿ ತೆರೆದು, ಸೇವ್ ಆ್ಯಸ್ ಒತ್ತಿ ಜೆಪೆಗ್ ಆರಿಸಿ. ಗುಡ್ ಮಾರ್ನಿಂಗ್ ಜಗಳ ಬೇರೆ ಕಡೆ ಮಾಡಿ. ಮುಳ್ಳೇರಿಯದ ಅಕ್ಕ, ಬ್ಯಾಂಕಿಗೆ ಮಾಡಿದಿರಾ?

ಮುಳ್ಳೇರಿಯದ ಅಕ್ಕ: ಬ್ಲಾಕ್ ಆಯ್ತು ಅಣ್ಣ. ಹಣ ಹೋಗಿಲ್ಲ. ಭಾವನೂ ಅದನ್ನೇ ಒತ್ತಿದ್ದಾರಂತೆ.

ಡಿಟಿಪಿಯವರು: ಹಾಗಾದರೆ ಅವರ ಬ್ಯಾಂಕಿಗೂ ಈಗಲೇ. ಆ ಫೈಲ್ ಸಿಕ್ಕಿದವರಿಗೆಲ್ಲ ಬಾಯಲ್ಲಿ ಹೇಳಿ. ತೋರಿಸಲಿಕ್ಕೆ ಅಂತ ಫೈಲನ್ನೇ ಫಾರ್ವರ್ಡ್ ಮಾಡಬೇಡಿ.

ಉಪ್ಪಳದಿಂದ: ಡಾಕ್ಯುಮೆಂಟ್ ಅಂದ್ರೆ ಎಲ್ಲಿ ಒತ್ತುವುದು?

ಡಿಟಿಪಿಯವರು: ಟೈಪ್ ಮಾಡುವಲ್ಲಿ ಪಿನ್ನಿನ ಗುರುತು. ಅದರಲ್ಲಿ ಡಾಕ್ಯುಮೆಂಟ್. ಇನ್ನು ನಾಳೆ, ಅಂಗಡಿಗೆ ಜನ ಬಂದಿದ್ದಾರೆ.