68ರ ಕ್ಯಾಮಾರೊ: ಹೊಸ ಹರ್ಸ್ಟ್ ಶಿಫ್ಟರ್ ಹಾಕಿದ ಮೇಲೆ 3ನೇ ಗೇರ್ ಎಗರ್ತಿದೆ, ಯಾರಾದ್ರೂ ಸಹಾಯ ಮಾಡಿ

ಚೆವಿ_ಚಿಕ್ಕಮಗಳೂರು (ಮಿಶಿಗನ್)
ಎಲ್ಲರಿಗೂ ನಮಸ್ಕಾರ. ನಾಲ್ಕು ವಾರಾಂತ್ಯ ಗಾಡಿ ಕೆಳಗೇ ಕಳೆದಿದ್ದೀನಿ, ಇನ್ನು ನನ್ನ ಕೈಲಿ ಆಗಲ್ಲ ಅನ್ನೋ ಹಂತಕ್ಕೆ ಬಂದಿದೆ. 1968ರ ಷೆವರ್ಲೆ ಕ್ಯಾಮಾರೊ, 327 ಎಂಜಿನ್, ಮನ್ಸಿ ಅನ್ನೋ 4 ಗೇರಿನ ಗೇರ್‌ಬಾಕ್ಸು. ಹಳೇ ಗೇರ್ ಲಿವರ್ ಗಂಜಿಯೊಳಗೆ ಸೌಟು ತಿರುವಿದ ಹಾಗೆ ಆಡ್ತಿತ್ತು. ಅದನ್ನ ತೆಗೆದು ಹರ್ಸ್ಟ್ ಕಂಪನಿಯ ಕಾಂಪಿಟಿಷನ್ ಪ್ಲಸ್ ಶಿಫ್ಟರ್ (ಗೇರ್ ಲಿವರ್ ಜೋಡಣೆ) ಹಾಕಿದೆ. ಎಂಜಿನ್ ಆಫ್ ಇದ್ದಾಗ ನಾಲ್ಕೂ ಗೇರ್ ಬೆಣ್ಣೆ ಹಾಗೆ ಬೀಳುತ್ತೆ. ರೋಡಿಗೆ ಹೋಗಿ 3ನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ನ್ಯೂಟ್ರಲ್‌ಗೆ ಎಗರುತ್ತೆ. ಆಮೇಲೆ 2ಕ್ಕೆ ತರೋಣ ಅಂದ್ರೆ ಲಿವರ್ ಅಡ್ಡಕ್ಕೆ ಸರಿಯಲ್ಲ, ಎರಡು ಮೂರು ಸಲ ಅಲ್ಲಾಡಿಸಬೇಕು. ಕಿಟ್ ಜೊತೆ ಬಂದ ಸೂಚನೆ ಕಾಗದದಲ್ಲಿ ಹೇಳಿದ ಹಾಗೇ ಎಲ್ಲ ಮಾಡಿದ್ದೀನಿ. ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್, ಹಳೇ ಕಾರುಗಳ ಮೆರವಣಿಗೆ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಅವರನ್ನ ಕೂರಿಸಿಕೊಂಡು ಹೋಗಬೇಕು ಅಂತ ಆಸೆ.

ಕುಂದಾಪ್ರ_ಗ್ಯಾರೇಜ್ (ಟೆಕ್ಸಸ್)
ಕ್ಲಚ್ ಮಾರಾಯ್ರೇ. ಈ ಗಾಡಿಗಳ ಝಡ್-ಬಾರ್ (ಪೆಡಲನ್ನು ಕ್ಲಚ್‌ಗೆ ಜೋಡಿಸುವ ಕೊಂಡಿ) ಬುಷ್ ಸವೆದು ಹೋಗಿರ್ತದೆ, ಪೆಡಲ್ ಒತ್ತಿದ್ರೂ ಕ್ಲಚ್ ಪೂರ್ತಿ ಬಿಡುದಿಲ್ಲ. ಪೆಡಲ್ ಫ್ರೀ ಪ್ಲೇ, ಅಂದ್ರೆ ಬಿಗಿ ಸಿಗುವ ಮುಂಚೆ ಪೆಡಲ್ ಖಾಲಿ ಹೋಗುವ ದೂರ, ಎಷ್ಟುಂಟು? ಸುಮಾರು 1 ಇಂಚು ಇರ್ಬೇಕು.

ಹುಬ್ಬಳ್ಳಿ_ಗೇರ್‌ಬಾಕ್ಸ್ (ಒಹಾಯೊ)
ಕ್ಲಚ್ ಬಿಡಲಿಲ್ಲಂದ್ರ ಗೇರ್ ಬೀಳಾಂಗಿಲ್ಲ, ಕರಕರ ಅಂತೈತಿ. ಬಿದ್ದ ಗೇರು ಲೋಡ್ ಬಂದಾಗ ಎಗರೂದಕ್ಕ ಕ್ಲಚ್‌ಗೆ ಏನ್ ಸಂಬಂಧ ಐತ್ರಿ? ಲಿವರನ್ನ ನ್ಯೂಟ್ರಲ್‌ನಾಗ ಹಿಡಿದಿಡೂ ಪಿನ್ ಹಾಕಿ, ಲಿವರಿಂದ ಗೇರ್‌ಬಾಕ್ಸಿಗೆ ಹೋಗೂ ರಾಡ್ ಅಡ್ಜಸ್ಟ್ ಮಾಡಿರೇನು? ಕಾಲು ಇಂಚಿನ ಡ್ರಿಲ್ ಬಿಟ್ ಆದ್ರೂ ನಡೀತೈತಿ. ಪಿನ್ ಒಳಗಿದ್ದಾಗ ಮೂರೂ ರಾಡ್ ಬುಷ್‌ನಾಗ ತಾವಾಗೇ ಕೂಡಬೇಕು. ತಳ್ಳಿ ಕೂಡಿಸಿದ್ರ ಅಡ್ಜಸ್ಟ್‌ಮೆಂಟ್ ತಪ್ಪೇತಿ ಅಂತನ ಲೆಕ್ಕ.

ಚೆವಿ_ಚಿಕ್ಕಮಗಳೂರು
ಪಿನ್ ಹಾಕೇ ಮಾಡಿದ್ದು. ರಾಡ್‌ಗಳು ಸಲೀಸಾಗಿ ಕೂರುತ್ತವೆ. ಲಿವರಿನ ಓಟ ತಡೆಯೋ ಸ್ಟಾಪ್ ಬೋಲ್ಟೂ ಸೆಟ್ ಮಾಡಿದೆ: 3ನೇ ಗೇರಿಗೆ ಒತ್ತಿ ಹಿಡಿದು, ಬೋಲ್ಟ್ ತಾಗೋ ತನಕ ತಿರುಗಿಸಿ, ಕೈ ಬಿಟ್ಟು ಇನ್ನೊಂದು ಸುತ್ತು, ಚೆಕ್ ನಟ್ ಬಿಗಿ. 4ಕ್ಕೂ ಹಾಗೇ. ಸಾಲದು ಅಂತ ನಿನ್ನೆ 3ರ ಸ್ಟಾಪ್ ಬೋಲ್ಟ್ ಪೂರ್ತಿ ಹಿಂದಕ್ಕೆ ತೆಗೆದು ಓಡಿಸಿದೆ. ಒಂದು ಚೂರೂ ವ್ಯತ್ಯಾಸ ಇಲ್ಲ.

ಕುಂದಾಪ್ರ_ಗ್ಯಾರೇಜ್
ಫ್ರೀ ಪ್ಲೇ ಹೇಳ್ಲೇ ಇಲ್ಲ ನೀವು. ಸಿಗ್ನಲ್ಲಿಂದ ಹೊರಡುವಾಗ ಕ್ಲಚ್ ವಾಸನೆ ಬರ್ತದಾ?

ಚೆವಿ_ಚಿಕ್ಕಮಗಳೂರು
ಬರುತ್ತೆ ಸರ್. 1ರಲ್ಲಿ ಹೊರಡೋಕೆ ಸ್ವಲ್ಪ ಜಾಸ್ತಿನೇ ಕ್ಲಚ್ ಹಿಡಿಯಬೇಕಾಗುತ್ತೆ. ಮೊದಲಿಂದಲೂ ಹಾಗೇ ಇತ್ತು.

ಕುಂದಾಪ್ರ_ಗ್ಯಾರೇಜ್
ಅದೇ ಹೇಳಿದ್ದು ನಾನು! ಝಡ್-ಬಾರ್ ಬಿಚ್ಚಿ ನೋಡಿ ಆಯ್ತಾ.

ಹಳೇ_ಪಾಂಟಿಯಾಕ್ (ನ್ಯೂಜೆರ್ಸಿ)
ಕ್ಲಚ್‌ಗಿಂತ ಮುಂಚೆ ಎಂಜಿನ್ ಮೌಂಟ್ ನೋಡಿ. ಆ ಕಾಲದ ಷೆವರ್ಲೆಗಳಲ್ಲಿ ಮೌಂಟಿನ ರಬ್ಬರ್ ಕಿತ್ತು ಎಂಜಿನ್ನೇ ಮೇಲೇಳ್ತಿತ್ತು. ಅದಕ್ಕೇ 1971ರ ಡಿಸೆಂಬರಲ್ಲಿ ಕಂಪನಿ ಸುಮಾರು 67 ಲಕ್ಷ ಗಾಡಿ ವಾಪಸ್ ಕರೆಸಿ, ಎಂಜಿನ್ ಏಳದ ಹಾಗೆ ತಂತಿ ಹಗ್ಗ ಕಟ್ಟಿ ಕೊಡ್ತು. 67ರಿಂದ 69ರ ಕ್ಯಾಮಾರೊ ಕೂಡ ಅದರಲ್ಲಿತ್ತು. ಎಂಜಿನ್ ಎದ್ದರೆ ಗೇರ್‌ಬಾಕ್ಸೂ ವಾಲುತ್ತೆ, ಗೇರ್ ಲಿವರ್ ನೆಲದ ತೂತಿನ ಅಂಚಿಗೆ ತಾಗಿ ನ್ಯೂಟ್ರಲ್‌ಗೆ ಬರುತ್ತೆ. ಬಾನೆಟ್ ತೆಗೆದಿಟ್ಟು, ಒಬ್ಬರು ಬ್ರೇಕ್ ಒತ್ತಿ ಹಿಡಿದು 1ರಲ್ಲಿ ಕ್ಲಚ್ ಸ್ವಲ್ಪವೇ ಬಿಡಲಿ, ಇನ್ನೊಬ್ಬರು ಪಕ್ಕದಿಂದ ನೋಡಲಿ. ಗಾಡಿ ಮುಂದೆ ಯಾರೂ ನಿಲ್ಲಬೇಡಿ.

ಅಂದ ಹಾಗೆ ನನ್ನದು 64ರ ಪಾಂಟಿಯಾಕ್ ಜಿಟಿಒ, 389 ಎಂಜಿನ್, ಮೂರು ಕಾರ್ಬ್ಯುರೇಟರ್. ಅದಕ್ಕೆ ಕಾರ್ಖಾನೆಯಲ್ಲೇ ಹರ್ಸ್ಟ್ ಶಿಫ್ಟರ್ ಹಾಕಿ ಕಳಿಸ್ತಿದ್ದರು. ಆ ಗೇರ್ ಬೀಳೋ ಸದ್ದು ಕೇಳೋಕೇ ಭಾನುವಾರ ಗಾಡಿ ತೆಗೀತೀನಿ.

ಕಾಂಟೆಸಾ_ಬೆಂಗಳೂರು
ಜಿಟಿಒ ಫೋಟೋ ಹಾಕಿ ಸರ್! ನಮ್ಮದು ಕಾಂಟೆಸಾ ಕ್ಲಾಸಿಕ್, ಇಸುಜು 1.8 ಪೆಟ್ರೋಲ್, 5 ಗೇರು. ಪೇಂಟ್ ಪೂರ್ತಿ ತೆಗೆಸಿ ಹೊಸದಾಗಿ ಹೊಡೆಸಿದ್ದೀನಿ, ಸೀಟ್ ಬಟ್ಟೆ ಹುಡುಕೋಕೆ ಶಿವಾಜಿನಗರ, ಜೆ.ಸಿ. ರೋಡ್ ಎಲ್ಲ ಅಲೆದೆ. ಚೆವಿಯವರೇ, ಗೇರ್ ಆಯಿಲ್ ಯಾವುದು ಹಾಕಿದ್ದೀರಿ?

ಚೆವಿ_ಚಿಕ್ಕಮಗಳೂರು
ಜಿಎಲ್-5 ದರ್ಜೆಯದು.

ಹಳೇ_ಪಾಂಟಿಯಾಕ್
ಅಯ್ಯೋ, ಇವತ್ತೇ ಇಳಿಸಿ. ಸಿಂಕ್ರೊ ರಿಂಗ್‌ಗಳು (ಗೇರ್ ಬೀಳೋ ಮುಂಚೆ ವೇಗ ಹೊಂದಿಸೋ ಬಳೆಗಳು) ಹಿತ್ತಾಳೆ, ಜಿಎಲ್-5ರಲ್ಲಿರೋ ಗಂಧಕ ಹಿತ್ತಾಳೆಯನ್ನ ತಿನ್ನುತ್ತೆ. ಜಿಎಲ್-4 ಹಾಕಿ.

ಕುಂದಾಪ್ರ_ಗ್ಯಾರೇಜ್
ಅದು ಹಳೇ ಕಥೆ. ಈಗಿನ ಜಿಎಲ್-5ಗಳಲ್ಲಿ ಹಿತ್ತಾಳೆಗೆ ತೊಂದರೆ ಆಗದ್ದೂ ಉಂಟು. ನಾನು ಆರು ವರ್ಷದಿಂದ ಓಡಿಸ್ತಾ ಇದ್ದೇನೆ, ಏನೂ ಆಗ್ಲಿಲ್ಲ.

ಹಳೇ_ಪಾಂಟಿಯಾಕ್
ಡಬ್ಬದ ಮೇಲೆ ಹಾಗಂತ ಬರೆದಿದ್ದರೆ ಒಪ್ತೀನಿ. ಬರೆದಿಲ್ಲದಿದ್ದರೆ ಐವತ್ತು ವರ್ಷ ದಾಟಿದ ಗೇರ್‌ಬಾಕ್ಸ್ ಮೇಲೆ ಯಾಕೆ ಪರೀಕ್ಷೆ ಮಾಡಬೇಕು?

ಹುಬ್ಬಳ್ಳಿ_ಗೇರ್‌ಬಾಕ್ಸ್
ಆಯಿಲ್ ಮಾತು ಬೇರೆ ಕಡೆ ಇಟ್ಕೊಳ್ರಿ, ಪಾಪ ಅವರ ಗಾಡಿ ನಿಂತೈತಿ. ಚೆವಿಯವರ, ಒಂದ್ ಕೆಲಸ ಮಾಡ್ರಿ. ಒಳಗಿಂದ 3ನೇ ಗೇರಿಗೆ ಹಾಕಿ, ಎಂಜಿನ್ ಆಫ್ ಇಟ್ಟು, ಗಾಲಿಗೆ ಕಲ್ಲು ಕೊಟ್ಟು ಕೆಳಗ ಹೋಗ್ರಿ. ಗೇರ್‌ಬಾಕ್ಸ್ ಸೈಡ್ ಕವರ್ ಮ್ಯಾಲೆ ರಾಡ್ ಸಿಕ್ಕಿಸೂ ಎರಡು ಆರ್ಮ್‌ನಾಗ ಮುಂದಿಂದು 3-4, ಹಿಂದಿಂದು 1-2. ರಿವರ್ಸಿಂದು ಬಾಲದ ಹೌಸಿಂಗ್‌ನಾಗ ಬ್ಯಾರೆ ಇರ್ತೈತಿ. ಮುಂದಿನ ಆರ್ಮಿಂದ ರಾಡ್ ಕಳಚಿ, ಆರ್ಮನ್ನ ಅದೇ ದಿಕ್ಕಿಗೆ ಕೈಯಿಂದ ಇನ್ನಷ್ಟು ದೂಡಿ ನೋಡ್ರಿ. ಇನ್ನೂ ಸರೀತದೇನು?

ಚೆವಿ_ಚಿಕ್ಕಮಗಳೂರು
ಎಂಜಿನ್ ಮೌಂಟ್ ನೋಡಿದೆ, ಸರಿಯಾಗಿದೆ, ಎಂಜಿನ್ ಏಳಲ್ಲ. ಆಮೇಲೆ ನೀವು ಹೇಳಿದ್ದು ಮಾಡಿದೆ ಸರ್. ಸರಿಯುತ್ತೆ! ಹತ್ತಿರ ಹತ್ತಿರ ಅರ್ಧ ಇಂಚು ಮುಂದೆ ಹೋಗಿ ಒಳಗೆ ಟಕ್ ಅಂತು.

ಹುಬ್ಬಳ್ಳಿ_ಗೇರ್‌ಬಾಕ್ಸ್
ಆ ಟಕ್ ಅಂದದ್ದ ನಿಮ್ಮ ನಿಜವಾದ 3ನೇ ಗೇರು. ಒಳಗಿನ ಗುಂಡು ತನ್ನ ಕುಳಿಯಾಗ ಕೂತ ಸದ್ದದು. ನೀವು ಲಿವರ್ ಹಾಕಿದಾಗ ಗೇರ್ ಅರ್ಧಕ್ಕ ನಿಂತಿರ್ತೈತಿ, ಲೋಡ್ ಬಂದ ಕೂಡ್ಲೇ ಹೊರಗ ಬರ್ತೈತಿ. 3-4ರ ಫೋರ್ಕ್ (ಗೇರ್ ಸರಿಸೂ ಕವಲು) ಸರಿಯಾಗಿ ನಡುವಿಗೆ ಬರದಿದ್ರ ಇಂಟರ್‌ಲಾಕ್ (ಒಮ್ಮೆಗೇ ಎರಡು ಗೇರ್ ಬೀಳದಂಗ ತಡಿಯೂದು) 1-2ನ್ನ ಬಿಡಾಂಗಿಲ್ಲ, ಅದಕ್ಕ ಅಡ್ಡಕ್ಕ ಸರಿಯೂದಿಲ್ಲ. ಲಿವರಿನ ಓಟ ಮುಗೀತೈತಿ, ಆರ್ಮಿನ ಓಟ ಮುಗಿದಿರೂದಿಲ್ಲ. ಹಂಗಂದ್ರ ಆರ್ಮ್ ಉದ್ದ ಹೆಚ್ಚೈತಿ. ಆ ಆರ್ಮ್ ಹರ್ಸ್ಟ್ ಕಿಟ್‌ನಾಗ ಬಂದದ್ದ ಹೌದಲ್ರಿ?

ಚೆವಿ_ಚಿಕ್ಕಮಗಳೂರು
ಅಲ್ಲ ಸರ್, ಗಾಡಿಯಲ್ಲಿದ್ದ ಹಳೇವೇ. ಕಿಟ್‌ನ ಆರ್ಮ್‌ಗಳು ಶಾಫ್ಟ್ ಮೇಲೆ ಕೂರಲಿಲ್ಲ. ಕಾಗದದ ಚಿತ್ರದಲ್ಲಿ ಶಾಫ್ಟಿಂದ ಹೊರಗೆ ಮರೆ (ತಿರುಪಿನ ಗೆರೆ) ಬಂದು ನಟ್ ಬೀಳುತ್ತೆ, ನನ್ನದರಲ್ಲಿ ಶಾಫ್ಟ್ ಒಳಗೇ ಮರೆ ಇದೆ, ಬೋಲ್ಟ್ ಬೀಳುತ್ತೆ. ಹಳೇ ಆರ್ಮ್‌ಗೆ ಹೊಸ ರಾಡ್ ಚೆನ್ನಾಗಿ ಕೂತಿತು, ಅದು ಹೇಳೋವಂಥ ವಿಷಯ ಅಂತ ಅನ್ನಿಸಲಿಲ್ಲ.

ಹುಬ್ಬಳ್ಳಿ_ಗೇರ್‌ಬಾಕ್ಸ್
ಇದನ್ನ ಮೊದಲ ಹೇಳಬೇಕಾಗಿತ್ತಲ್ರಿ! 63ರಿಂದ 68ರ ತನಕ ಮನ್ಸಿ ಸೈಡ್ ಕವರಿಗೆ ನಟ್, 69ರಿಂದ 74ರ ತನಕ ಬೋಲ್ಟ್. ನಿಮ್ಮ ಗಾಡಿ 68, ಗೇರ್‌ಬಾಕ್ಸ್ 68ರದಲ್ಲ. ಪ್ಯಾಸೆಂಜರ್ ಬದಿಯೊಳಗ ಕೇಸ್ ಮ್ಯಾಲೆ ಒಂದು ನಂಬರ್ ಒತ್ತಿರ್ತಾರ, ಪಿ ಅಕ್ಷರದಿಂದ ಶುರು. ತಂತಿ ಬ್ರಷ್‌ನಿಂದ ಒರೆಸಿ ಓದ್ರಿ.

ಚೆವಿ_ಚಿಕ್ಕಮಗಳೂರು
ಪಿ 9 ಸಿ 05 ಬಿ.

ಹುಬ್ಬಳ್ಳಿ_ಗೇರ್‌ಬಾಕ್ಸ್
ಪಿ ಅಂದ್ರ ಮನ್ಸಿ, 9 ಅಂದ್ರ 1969, ಸಿ ಮಾರ್ಚ್, 05 ತಾರೀಖು. ಕೊನೇ ಅಕ್ಷರ 69ರಿಂದ ಶುರುವಾದದ್ದು, ಮನ್ಸಿಯೊಳಗ ಯಾವ ಮಾದರಿ ಅಂತ ಹೇಳ್ತೈತಿ: ಎ ಇದ್ರ ಎಂ20, ಬಿ ಇದ್ರ ಎಂ21, ಸಿ ಇದ್ರ ಎಂ22. ನಿಮ್ಮದು ಎಂ21. ಎಂ20ರ 1ನೇ ಗೇರಿನ ಅನುಪಾತ 2.52, ಎಂ21ರದ್ದು 2.20, ಅದಕ್ಕ ಹೊರಡೂವಾಗ ಎಳೆತ ಕಡಿಮಿ. ಹೊರಡೂವಾಗ ಕ್ಲಚ್ ವಾಸನೆ ಯಾಕ ಬರ್ತೈತಿ ಅನ್ನೂದಕ್ಕೂ ಇದ ಉತ್ತರ. ಹಿಂದಿನ ಮಾಲಕರಾಗ ಯಾರೋ ಬದಲಿ ಮಾಡ್ಯಾರ. ಅದಕ್ಕ ಹೇಳ್ತೀನಿ, ಸಾಮಾನು ತರಿಸೂವಾಗ ಗಾಡಿ ವರ್ಷ ಹೇಳಬ್ಯಾಡ್ರಿ, ಗೇರ್‌ಬಾಕ್ಸ್ ವರ್ಷ ಹೇಳ್ರಿ. 69ರ ಬೋಲ್ಟ್ ಮಾದರಿಗೆ ಹರ್ಸ್ಟ್ ಆರ್ಮ್ ಸಿಗ್ತಾವ.

ಚೆವಿ_ಚಿಕ್ಕಮಗಳೂರು (ಹನ್ನೊಂದು ದಿನದ ನಂತರ)
ಹೊಸ ಆರ್ಮ್ ಬಂತು. ಹಳೇದರ ಪಕ್ಕ ಇಟ್ಟು ನೋಡಿದೆ, ತೂತಿನಿಂದ ತೂತಿಗೆ ಹಳೇದೇ ಉದ್ದ. ಪಿನ್ ಹಾಕಿ ರಾಡ್‌ಗಳನ್ನ, ಸ್ಟಾಪ್ ಬೋಲ್ಟ್‌ಗಳನ್ನ ಮೊದಲಿಂದ ಸೆಟ್ ಮಾಡಿದೆ. ಮೂರು ಬಾರಿ ಹೈವೇಗೆ ಹೋಗಿ ಬಂದೆ, 3ನೇ ಗೇರ್ ಅಲ್ಲಾಡಲಿಲ್ಲ. ಹಿಂದೆ ಕೂತಿದ್ದ ಅಪ್ಪ "ಇನ್ನೊಂದು ಸಲ ಜೋರಾಗಿ ಒತ್ತು" ಅಂದರು. ಹುಬ್ಬಳ್ಳಿಯವರೇ, ನಿಮ್ಮ ಉಪಕಾರ ಮರೆಯಲ್ಲ. ಜಿಎಲ್-4 ಕೂಡ ಹಾಕಿದೆ.

ಒಂದೇ ಉಳಿದಿದೆ. ನಿಂತಲ್ಲೇ ರಿವರ್ಸ್ ಹಾಕಿದರೆ ಕರಕರ ಅನ್ನುತ್ತೆ.

ಹಳೇ_ಪಾಂಟಿಯಾಕ್
ರಿವರ್ಸಿಗೆ ಸಿಂಕ್ರೊ ಇಲ್ಲ. ಕ್ಲಚ್ ಒತ್ತಿ ಮೂರು ನಾಲ್ಕು ಸೆಕೆಂಡ್ ತಡೆದು ಹಾಕಿ.

ಚೆವಿ_ಚಿಕ್ಕಮಗಳೂರು
ಹತ್ತು ಸೆಕೆಂಡ್ ತಡೆದರೂ ಅನ್ನುತ್ತೆ ಸರ್.

ಕುಂದಾಪ್ರ_ಗ್ಯಾರೇಜ್
ಹತ್ತು ಸೆಕೆಂಡ್ ಆದ್ಮೇಲೂ ಕರಕರ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂತ್ಲೇ ಅರ್ಥ. ಈಗಲಾದ್ರೂ ಫ್ರೀ ಪ್ಲೇ ಅಳೆದು ಹೇಳಿ ಮಾರಾಯ್ರೇ.

ಚೆವಿ_ಚಿಕ್ಕಮಗಳೂರು
ಅಳೆದೆ. 2 ಇಂಚಿಗೂ ಮೇಲಿದೆ. ಝಡ್-ಬಾರ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ. ನಿಮ್ಮ ಮಾತು ಮೊದಲೇ ಕೇಳಿ ಅಳೆಯಬೇಕಿತ್ತು, ಕ್ಷಮಿಸಿ. ಈ ಶನಿವಾರ ಬಿಚ್ಚಿ ಫೋಟೋ ಹಾಕ್ತೀನಿ.

ಕುಂದಾಪ್ರ_ಗ್ಯಾರೇಜ್
ಕ್ಷಮೆ ಎಲ್ಲ ಬೇಡ. ಎರಡು ಬದಿಯ ಬುಷ್ಷೂ ಒಟ್ಟಿಗೆ ಬದಲಿಸಿ, ಗ್ರೀಸ್ ತುಂಬಿ, ಆಮೇಲೆ ರಾಡ್ ಅಡ್ಜಸ್ಟ್ ಮಾಡಿ.

ಹುಬ್ಬಳ್ಳಿ_ಗೇರ್‌ಬಾಕ್ಸ್
ಚೆವಿಯವರ, ಕಿಟ್‌ನಾಗ ಬಂದ ಆ 68ರ ಆರ್ಮ್ ನಿಮಗ ಬ್ಯಾಡಾದ್ರ ನನಗ ಕೊಡ್ರಿ. ನನ್ನ 67ರ ಷೆವೆಲ್‌ಗೆ ಹೊಂದ್ತಾವೇನ ನೋಡ್ತೀನಿ. ಕ್ರೂಸಿಗೆ ನಾನೂ ಬರ್ತೀನಿ, ಅಲ್ಲೇ ಇಸ್ಕೊಂತೀನಿ.